ಎರಡು ಸಲ ಕುಟ್ಟು

“ಬಂತು ಕಣ್ರೀ! ಅಲ್ಲೇ ಇರ್ಲಿ, ಅಲ್ಲಾಡಿಸ್ಬೇಡಿ!” ಎಂದು ಅವಳು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು. ಇಷ್ಟು ಹೊತ್ತು ಚೂರುಚೂರಾಗಿ ಒಡೆಯುತ್ತಿದ್ದ ವಾರ್ತೆಯವಳ ಮುಖ ಟಿವಿಯಲ್ಲಿ ಈಗ ತೊಳೆದಿಟ್ಟಂತೆ ಕಾಣುತ್ತಿತ್ತು. ತಾರಸಿಯಿಂದ ಮಾತ್ರ ಸದ್ದಿಲ್ಲ.

ದರ್ಜಿ ಗಂಡನದು ಸೂಜಿ ಬಿದ್ದಷ್ಟು ಸಣ್ಣ ದನಿ. ಅದಕ್ಕೇ ಇಬ್ಬರಲ್ಲೂ ಕರಾರಾಗಿತ್ತು: ಅವಳ ಕೂಗು ಕೇಳಿಸಿದ ಕೂಡಲೇ ಅವನು ಆಂಟೆನಾ ಕಟ್ಟಿದ ಕಬ್ಬಿಣದ ಪೈಪನ್ನು ಎತ್ತಿ ನೆಲಕ್ಕೆ ಎರಡು ಸಲ ಕುಟ್ಟಬೇಕು. ಅಂಗಡಿಯ ಹಳೇ ಹ್ಯಾಂಗರುಗಳನ್ನು ಕತ್ತರಿಸಿ, ಟೇಪು ಹಿಡಿದು ಅಳೆದು, ಹಲಗೆಗೆ ಬಡಿದು ಅವನೇ ಮಾಡಿದ ಆಂಟೆನಾ. ಬೆಳಗಿನಿಂದ ಅವನು ಕುಟ್ಟಿದ್ದಕ್ಕೆ ಅವಳ ತಲೆಯ ಮೇಲೆಲ್ಲ ಸುಣ್ಣ ಉದುರಿತ್ತು.

“ಕೇಳಿಸ್ತೇನ್ರೀ? ಕುಟ್ರೀ!” ಸದ್ದಿಲ್ಲ. “ಕುಟ್ರೀ ಅಂದ್ರೆ!” ಪರದೆಯ ಮೇಲಿನ ಮುಖ ಎಳ್ಳಷ್ಟೂ ಕದಲಲಿಲ್ಲ. ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸುವ ಮನುಷ್ಯ ಇಷ್ಟು ಹೊತ್ತು ಕಲ್ಲಿನಂತೆ ನಿಂತದ್ದುಂಟೇ? ಇನ್ನೊಂದು ಕೂಗನ್ನು ಗಂಟಲಲ್ಲೇ ನುಂಗಿಕೊಂಡು ಮೆಟ್ಟಿಲ ಕಡೆ ಓಡಿದಳು.

ಅವನು ಚಿತ್ರ ಹುಡುಕುತ್ತ ಸರಿದು ಸರಿದು ತಾರಸಿಯ ಅಂಚಿಗೇ ಬಂದು ಪೈಪನ್ನು ಅವುಚಿ ಹಿಡಿದು ನಿಂತಿದ್ದ. ಮುಖದಲ್ಲಿ ರಕ್ತವಿರಲಿಲ್ಲ. ಅವನ ಕಣ್ಣು ನೆಟ್ಟ ಕಡೆ ಅವಳೂ ನೋಡಿದಳು. ಆಂಟೆನಾದ ತುದಿಗಿಂತ ನಾಲ್ಕೇ ಬೆರಳು ಮೇಲೆ ಬೀದಿಯ ಕರೆಂಟು ತಂತಿ ಹಾದುಹೋಗಿತ್ತು.

“ನೀನು ಕೂಗಿದಾಗೆಲ್ಲ ಕೈ ತಾನಾಗೇ ಪೈಪ್ ಎತ್ತೋಕೆ ಹೋಗ್ತಿತ್ತು ಕಣೇ,” ಎಂದ ಅವನು, ತುಟಿ ಮಾತ್ರ ಅಲ್ಲಾಡಿಸಿ. “ಇನ್ನೊಂದ್ಸಲ ಕೂಗಿದ್ದಿದ್ರೆ ಕುಟ್ಟಿಬಿಡ್ತಿದ್ದೆ.”