ಅರ್ಧ ಗಡ್ಡ

ಒಂದು ಕಂಪನಿಯವರು ಊರಿಗೆಲ್ಲ ಹಂಚಿ, ನನ್ನ ಕ್ಷೌರದಂಗಡಿಗೂ ಪುಕ್ಕಟೆ ಕೊಟ್ಟ ಹೊಸ ಪೇಪರು, ಹಿಡಿದವರ ಮನಸ್ಸಿಗೆ ಹಿತವಾಗುವ ಸುದ್ದಿಯನ್ನೇ ತೋರಿಸುತ್ತದೆ. ಮೊದಲು ಒಬ್ಬರು ಗಟ್ಟಿಯಾಗಿ ಓದುತ್ತಿದ್ದರು, ಉಳಿದವರು ಕೇಳಿ ಜಗಳಾಡುತ್ತಿದ್ದರು. ಈಗ ಕೈ ಬದಲಾದರೆ ಸುದ್ದಿಯೇ ಬದಲಾಗುತ್ತದೆ.

ಬಸ್ ಡ್ರೈವರ್ ಫಕೀರಪ್ಪ ಗಡ್ಡ ಮಾಡಿಸಿಕೊಳ್ಳಲು ಕೂತಿದ್ದ. ಹತ್ತು ಗಂಟೆಗೆ ಅವನ ಬಸ್ಸು ಹೊಳೆ ದಾಟಬೇಕು. ಸುತ್ತಿನ ದಾರಿ ಎಂದರೆ ಅವನಿಗೆ ಆಗದು.

"ಮುಂಜಾನೆ ಸೇತುವೆ ಕುಸದೈತಿ," ಎಂದೆ.

ಅವನು ಪೇಪರು ಬಿಚ್ಚಿದ. "ಇಲ್ನೋಡು ಯಮನಪ್ಪ, ಗಟ್ಟಿಮುಟ್ಟ ಐತಿ ಅಂತ ಫೋಟೊ ಸಮೇತ ಬಂದೈತಿ."

"ಆಚೆ ದಂಡಿಯಿಂದ ನಾನ ಈಜಿ ಬಂದೇನಿ. ನನ್ನ ಧೋತರ ಮುಟ್ಟಿ ನೋಡು, ಇನ್ನೂ ಹಸಿ ಐತಿ."

ಮುಟ್ಟಿ ನೋಡಿದ. ಮತ್ತೆ ಪೇಪರು ನೋಡಿದ. "ಹಸಿ ಐತಿ ಖರೆ. ಆದ್ರ ಪೇಪರ್‌ನ್ಯಾಗ ಬಂದಿಲ್ಲಲ್ಲೋ."

ಅವನ ಬಲಗೆನ್ನೆಯನ್ನು ನುಣ್ಣಗೆ ಬೋಳಿಸಿ, ಕತ್ತಿಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದೆ.

"ಎಡಗಡೆದು?"

"ನಾಳೆ."

ಕನ್ನಡಿ ನೋಡಿಕೊಂಡ ಫಕೀರಪ್ಪ ಕುರ್ಚಿ ಬಿಟ್ಟು ಏಳಲಿಲ್ಲ. ಹೊಳೆಗೆ ಹೆದರದವನು ಊರವರ ನಗೆಗೆ ಹೆದರಿದ್ದ.

ಹೊರಗೆ ನಿಂತಿದ್ದ ಬಸ್ಸಿನಲ್ಲಿ ಜನ ಹಾರ್ನ್ ಒತ್ತತೊಡಗಿದರು. ಎಲ್ಲರ ಕೈಯಲ್ಲೂ ಪೇಪರಿತ್ತು.