ದಾರವಿಲ್ಲದ ಸೂಜಿ

ಗೇಟಿನ ಚಿಲಕ ಸದ್ದು ಮಾಡಿದ್ದೇ ತಡ, ಅಮ್ಮ ಎದ್ದು ಹೋಗಿ ಹೊಲಿಗೆ ಮೆಷಿನ್ನಿನ ಮುಂದೆ ಕೂತು ತುಳಿಯತೊಡಗಿದಳು. ಸೋಂಕಿನ ಆ ದಿನಗಳಲ್ಲಿ ಮನೆಮನೆಗೆ ಬಂದು ಜ್ವರ, ಕೆಮ್ಮು ವಿಚಾರಿಸುವ ನರ್ಸು ಬಂದಾಗಲೆಲ್ಲ ಇದೇ ಆಟ. ವಾರದಿಂದ ಅಮ್ಮನ ಕೆಮ್ಮು ಆ ಗಡಗಡ ಸದ್ದಿನಲ್ಲೇ ಮುಚ್ಚಿಹೋಗುತ್ತಿತ್ತು. ಸೂಜಿಗೆ ದಾರವೇ ಇರಲಿಲ್ಲ. ಅದರಡಿ ಸಿಕ್ಕ ಅಂಗಿತೋಳೊಂದು ತೂತುಬಿದ್ದು ಜರಡಿಯಾಗಿತ್ತು.

“ಆಸ್ಪತ್ರೆಗೆ ಹೋಗೋಣಮ್ಮ” ಎಂದು ಮಗಳು ಬೆಳಿಗ್ಗೆಯೂ ಗೋಗರೆದಿದ್ದಳು.

“ನಿಮ್ಮಪ್ಪ ತಮ್ಮ ಕಾಲ ಮೇಲೇ ನಡ್ಕೊಂಡು ಹೋಗಿ ಆಸ್ಪತ್ರೆ ಗಾಡಿ ಹತ್ತಿದ್ರು. ವಾಪಸ್ ಬಂದಿದ್ದು ಕನ್ನಡಕ ಒಂದೇ, ಅದೂ ಕವರಿನಲ್ಲಿ. ಮುಖ ಕೂಡ ತೋರಿಸಲಿಲ್ಲ. ನಾನು ಸಾಯೋದಾದ್ರೆ ನಿನ್ನ ಕಣ್ಣೆದುರಿಗೇ ಸಾಯ್ತೀನಿ ಬಿಡು” ಅಂದಿದ್ದಳು ಅಮ್ಮ.

“ನಿಮ್ಮಮ್ಮಂಗೆ ಜ್ವರ, ಕೆಮ್ಮು ಏನಾದ್ರೂ ಇದ್ಯಾ?” ನರ್ಸು ಹೊಸ್ತಿಲಾಚೆಯಿಂದಲೇ ಕೇಳಿದಳು.

ಮಗಳು ಒಳಗಿನತ್ತ ಬೆನ್ನು ಹಾಕಿ ಬಾಗಿಲಿಗೆ ಅಡ್ಡ ನಿಂತಳು. “ಗುಂಡುಕಲ್ಲಿನ ಹಾಗಿದಾರೆ. ಮೆಷಿನ್ ಕೇಳಿಸ್ತಿಲ್ವಾ?”

ನರ್ಸು ನಕ್ಕು ಕಾಗದದ ಮೇಲೆ ಗುರುತು ಹಾಕಿಕೊಂಡಳು. ಅಷ್ಟರಲ್ಲಿ ಮೆಷಿನ್ ನಿಂತಿತು. ಇನ್ನು ಕೆಮ್ಮು ಕೇಳಿಸಿಯೇಬಿಡುತ್ತದೆ ಎಂದು ಮಗಳು ಬಾಗಿಲನ್ನು ಬೆನ್ನಹಿಂದೆ ಅರ್ಧ ಎಳೆದುಕೊಂಡಳು. ನರ್ಸು ಪೆನ್ನಿಗೆ ಮುಚ್ಚಳ ಹಾಕಿದಳು. ಕೆಮ್ಮು ಬರಲಿಲ್ಲ. ನರ್ಸು ಮೆಟ್ಟಿಲಿಳಿದು ಗೇಟು ದಾಟಿದಳು. ಆಗಲೂ ಬರಲಿಲ್ಲ.

ಮಗಳಿಗೆ ತಿರುಗಿ ನೋಡುವ ಧೈರ್ಯ ಸಾಲಲಿಲ್ಲ. ಬೀದಿಯ ಕಡೆಗೇ ಮುಖ ಮಾಡಿ, “ಅವರು ಹೋದ್ರು, ಈಗ ಕೆಮ್ಮಮ್ಮ” ಅಂದಳು.