ಬಿಚ್ಚಿದ ಬ್ಯಾಟರಿ

"ಲಗೂ ಜೋಡಸ್ರಪಾ, ಮಿರಜಿಂದ ನಿಮ್ಮ ವೈನಿ ಫೋನ್ ಮಾಡ್ತಾಳ," ಅಂತ ಭೂಪಾಲ ಗೊಣಗಿದ. ಸಾಂಗ್ಲಿಯ ಅರಿಷಿಣ ಪೇಟೆಯ ಅವನ ಅಂಗಡಿಯಲ್ಲಿ ಹೊಸ ಫೋನಿನ ಬ್ಯಾಟರಿ, ಮುಚ್ಚಳ ಎಲ್ಲವೂ ಸುತ್ತ ನೆರೆದ ವ್ಯಾಪಾರಿಗಳ ಹಳದಿ ಬೆರಳುಗಳ ನಡುವೆ ಓಡಾಡುತ್ತಿದ್ದವು.

"ಈ ಫೋನ್ ಕಂಪನಿಯವ್ರು ಕೂಲಿಯವರ ಹೊಟ್ಟಿ ಮ್ಯಾಲ ಹೊಡೀಲಾರದ ಮಾಡ್ಯಾರಂತ! ಕೆಟ್ಟರ ನಾವ ರಿಪೇರಿ ಮಾಡ್ಕೋಬಹುದು," ಅಂದ ಪಕ್ಕದ ಅಂಗಡಿಯ ಪ್ರತೀಕ. ತಾಸು ಹೊತ್ತು ಹೊಗಳಿ, ಬಿಚ್ಚಿದ್ದನ್ನು ಹಾಗೇ ಬಿಟ್ಟು ಎಲ್ಲರೂ ಚಹಾಕ್ಕೆ ಎದ್ದುಹೋದರು.

ಭೂಪಾಲ ಬ್ಯಾಟರಿ ಕೂಡಿಸಿ ಫೋನ್ ಚಾಲೂ ಮಾಡಿದ. ಜಗಳಾಡಿ ಮಿರಜಿನ ತವರಿಗೆ ಹೋದ ಹೆಂಡತಿ ಕರೆ ಮಾಡಿದ್ದಳೆಂಬ ಸಂದೇಶವೇ ಇರಲಿಲ್ಲ. ಬಂದದ್ದು ಕಂಪನಿಯ ಸಂದೇಶವೊಂದೇ: 'ಹೊಸ ಫೋನ್ ಹೇಗನಿಸಿತು?'

ಹೊರಗೆ ಪ್ರತೀಕನ ಚಪ್ಪಲಿ ಸಪ್ಪಳವಾಯಿತು. ಭೂಪಾಲ ಉಗುರಿನಿಂದ ಮುಚ್ಚಳ ಎಬ್ಬಿಸಿ ಬ್ಯಾಟರಿ ಕಿತ್ತು ಮುಷ್ಟಿಯಲ್ಲಿ ಹಿಡಿದ.

"ವೈನಿ ಫೋನ್ ಬಂತೇನ್ರಿ, ಅಣ್ಣಾ?"

"ಹ್ಯಾಂಗ ಬರತೈತೋ? ನೀವ ಬ್ಯಾಟರಿ ಬಿಚ್ಚಿಟ್ಟೀರಲ್ಲ!"